ನುಬ್ರಾ ಕಣಿವೆಗೆ ಮರಳು, ಎರಡು ಡುಬ್ಬದ ಒಂಟೆ ಎಲ್ಲಿಂದ ಬಂದವು?

ಹಿಮದ ಬೆಟ್ಟಗಳ ನಡುವೆ ಮರಳು ಹೇಗೆ ಬಂತು, ಅಲ್ಲಿಗೆ ಒಂಟೆ ತಂದವರು ಯಾರು ಅಂತ ಕೇಳಿದ್ದೀರಿ. ಮರಳು ತಂದದ್ದು ನದಿ, ಒಂಟೆ ತಂದದ್ದು ವ್ಯಾಪಾರ.

ನುಬ್ರಾ ಇರುವುದು ಲಡಾಖಿನಲ್ಲಿ, ಲೇಹ್‌ನಿಂದ ಉತ್ತರಕ್ಕೆ. ಮುಂಗಾರಿನ ಮೋಡಗಳನ್ನು ಹಿಮಾಲಯ ದಕ್ಷಿಣದಲ್ಲೇ ತಡೆಯುತ್ತದೆ. ಆಗುಂಬೆಯಲ್ಲಿ ಸುರಿಯುವ ಮಳೆ ಚಳ್ಳಕೆರೆಗೆ ಸಿಗುವುದಿಲ್ಲ ಅಲ್ವಾ, ಅದೇ ಕಥೆ. ಲೇಹ್‌ನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 100 ಮಿ.ಮೀ. ಅಷ್ಟೇ.

ಹಾಗಂತ ನೀರಿಲ್ಲ ಅಂತಲ್ಲ. ಸಿಯಾಚಿನ್ ಹಿಮನದಿಯಿಂದ ಬರುವ ನುಬ್ರಾ ನದಿ ಇಲ್ಲಿ ಶ್ಯೋಕ್ ನದಿಗೆ ಸೇರುತ್ತದೆ. ಬೇಸಿಗೆಯಲ್ಲಿ ಹಿಮ ಕರಗಿದಾಗ ಶ್ಯೋಕ್ ಬೂದು ಬಣ್ಣಕ್ಕೆ ತಿರುಗಿ, ಹತ್ತಾರು ಕವಲಾಗಿ ಹರಡಿಕೊಳ್ಳುತ್ತದೆ. ಆ ಬಣ್ಣ ಹಿಮನದಿ ಅರೆದು ಹಾಕಿದ ಕಲ್ಲಿನ ಪುಡಿಯದು. ನೀರು ಇಳಿದ ಮೇಲೆ ಉಳಿದ ಮರಳನ್ನು ಗಾಳಿ ಎತ್ತಿ ಗುಡ್ಡೆ ಹಾಕುತ್ತದೆ. ಹುಂಡರ್, ದಿಸ್ಕಿತ್ ಊರುಗಳ ಹತ್ತಿರದ ದಿಬ್ಬಗಳು ಹೀಗೆ ಆದವು. ಫೋಟೋ ನೋಡಿ ರಾಜಸ್ಥಾನದಷ್ಟು ದೊಡ್ಡದು ಅಂದುಕೊಳ್ಳಬೇಡಿ. ಹುಂಡರ್‌ನಲ್ಲಿ ದಿಬ್ಬದ ಬುಡದಲ್ಲೇ ತಣ್ಣನೆಯ ಹಳ್ಳ ಹರಿಯುತ್ತದೆ, ದಡದಲ್ಲಿ ಸೀಬಕ್‌ಥಾರ್ನ್ ಮುಳ್ಳುಪೊದೆ. ಕಿತ್ತಳೆ ಬಣ್ಣದ ಪುಟ್ಟ ಹಣ್ಣು, ಬಾಯಿಗಿಟ್ಟರೆ ಹುಳಿ ಅಂದ್ರೆ ಹುಳಿ!

ಈಗ ಒಂಟೆ. ಲೇಹ್‌ನಿಂದ ಮಧ್ಯ ಏಷ್ಯಾದ ಯಾರ್ಕಂದ್‌ಗೆ ಹೋಗುತ್ತಿದ್ದ ವ್ಯಾಪಾರದ ದಾರಿ ಈ ಕಣಿವೆಯಲ್ಲೇ ಹಾದು, ಸಾಸೆರ್ ಲಾ ಎಂಬ ಕಣಿವೆಮಾರ್ಗ ದಾಟಿ, 5,540 ಮೀಟರ್ ಎತ್ತರದ ಕಾರಾಕೋರಂ ಕಣಿವೆಮಾರ್ಗ ಹತ್ತುತ್ತಿತ್ತು. ಇಲ್ಲಿಂದ ಬಟ್ಟೆ, ಮಸಾಲೆ, ಬಟ್ಟೆಗೆ ಹಾಕುವ ನೀಲಿ ಬಣ್ಣ ಹೋಗುತ್ತಿತ್ತು. ಅಲ್ಲಿಂದ ರೇಷ್ಮೆ, ರತ್ನಗಂಬಳಿ, ಬ್ರಿಟಿಷರ ಕಾಲದಲ್ಲಿ ಸುಂಕ ಕಟ್ಟಿದ ಚರಸ್ ಕೂಡ ಬರುತ್ತಿತ್ತು! ದಾರಿ ಎಷ್ಟು ಕಠಿಣ ಅಂದರೆ, ಸತ್ತ ಕುದುರೆ, ಒಂಟೆಗಳ ಮೂಳೆಗಳೇ ಮುಂದಿನವರಿಗೆ ಗುರುತು. 1949ರಲ್ಲಿ ಯಾರ್ಕಂದ್ ಇರುವ ಶಿನ್‌ಜಿಯಾಂಗ್ ಪ್ರಾಂತ್ಯ ಕಮ್ಯುನಿಸ್ಟ್ ಚೀನಾದ ಕೈಗೆ ಹೋಯಿತು, ವ್ಯಾಪಾರ ನಿಂತಿತು. ಸರಕು ಹೊರುತ್ತಿದ್ದ ಎರಡು ಡುಬ್ಬದ ಒಂಟೆಗಳಲ್ಲಿ ಕೆಲವು ಈ ಕಡೆಯೇ ಉಳಿದವು. ಈಗ ಪ್ರವಾಸಿಗರನ್ನು ಹೊರುವ ಒಂಟೆಗಳು ಅವುಗಳ ಸಂತತಿ.

ನನ್ನ ಪ್ರಕಾರ ಕಣಿವೆಯ ಅತ್ಯಂತ ಕುತೂಹಲದ ಊರು ತುರ್ತುಕ್. ಬಾಲ್ಟಿ ಮಾತಾಡುವ ಮುಸ್ಲಿಮರ ಹಳ್ಳಿ, ಏಪ್ರಿಕಾಟ್ ತೋಟಗಳು. 1971ರ ಡಿಸೆಂಬರ್‌ವರೆಗೆ ಅದು ಪಾಕಿಸ್ತಾನದ ಹಿಡಿತದಲ್ಲಿತ್ತು. ಯುದ್ಧದಲ್ಲಿ ಮೇಜರ್ ಚೆವಾಂಗ್ ರಿಂಚೆನ್ ಅವರ ಪಡೆ ಅದನ್ನು ಗೆದ್ದಿತು. ರಿಂಚೆನ್ ನುಬ್ರಾದವರೇ. ಗಡಿ ಬದಲಾದಾಗ ಎಷ್ಟೋ ಮನೆಯವರು ಆಚೆ ಈಚೆ ಹಂಚಿಹೋದರು. ಪ್ರವಾಸಿಗರಿಗೆ ಊರು ತೆರೆದದ್ದು 2010ರಲ್ಲಿ. ಹೋಗುವುದಾದರೆ ಒಂಟೆ ಸವಾರಿ ಮುಗಿಸಿ ವಾಪಸ್ ಬರಬೇಡಿ, ಒಂದು ರಾತ್ರಿ ಅಲ್ಲಿ ಉಳಿಯಿರಿ.