ಬೆನ್ನೆಲುಬಿನ ಗಡ್ಡೆಗೆ ಶಸ್ತ್ರಚಿಕಿತ್ಸೆ ಬೇಕೇ?

ಪ್ರಶ್ನೆ: ನನ್ನ 16 ವರ್ಷದ ಮಗನಿಗೆ ರಾತ್ರಿ ಬೆನ್ನುನೋವು ಹೆಚ್ಚುತ್ತದೆ, ನೋವಿನ ಮಾತ್ರೆಗೆ ಇಳಿಯುತ್ತದೆ. ಹಾಸನದಲ್ಲಿ ತೆಗೆಸಿದ ಸ್ಕ್ಯಾನ್‌ನಲ್ಲಿ ಸೊಂಟದ ಕಶೇರುಕದಲ್ಲಿ (ಬೆನ್ನೆಲುಬಿನ ಮೂಳೆಯಲ್ಲಿ) ‘ಆಸ್ಟಿಯಾಯ್ಡ್ ಆಸ್ಟಿಯೋಮಾ’ ಗಡ್ಡೆ ಕಂಡಿದೆ. ಇದು ಕ್ಯಾನ್ಸರೇ? ಶಸ್ತ್ರಚಿಕಿತ್ಸೆ ಅನಿವಾರ್ಯವೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಕ್ಯಾನ್ಸರ್ ಅಲ್ಲ, ಹರಡುವುದೂ ಇಲ್ಲ. ಸಾಮಾನ್ಯವಾಗಿ 1.5 ಸೆಂ.ಮೀ.ಗಿಂತ ಚಿಕ್ಕದಾಗಿದ್ದು, ಹೆಚ್ಚಾಗಿ ಕಶೇರುಕದ ಹಿಂಭಾಗದಲ್ಲಿ ಬೆಳೆಯುವ ಈ ಗಡ್ಡೆಯ ತಿರುಳಿನಲ್ಲಿ ಪ್ರೊಸ್ಟಗ್ಲ್ಯಾಂಡಿನ್ ಎಂಬ ರಾಸಾಯನಿಕ ವಿಪರೀತ ಉತ್ಪತ್ತಿಯಾಗುವುದರಿಂದ ನೋವು ಬರುತ್ತದೆ. ಮಾತ್ರೆ ಆ ಉತ್ಪತ್ತಿಯನ್ನು ತಡೆಯುತ್ತದೆಯೇ ಹೊರತು ಗಡ್ಡೆಯನ್ನು ಕರಗಿಸುವುದಿಲ್ಲ. ನೋವು ತಗ್ಗದಿದ್ದರೆ ಅಥವಾ ಬೆನ್ನು ಒಂದು ಬದಿಗೆ ವಾಲತೊಡಗಿದ್ದರೆ ತಿರುಳನ್ನು ಪೂರ್ತಿ ತೆಗೆಸುವುದೇ ಲೇಸು. ಚೂರು ಉಳಿದರೂ ನೋವು ಮರುಕಳಿಸಬಹುದು. ಸಿ.ಟಿ. ಸ್ಕ್ಯಾನ್ ನೋಡುತ್ತ ಸೂಜಿಯಿಂದ ಗಡ್ಡೆಯನ್ನು ಸುಡುವ ರೇಡಿಯೋಫ್ರೀಕ್ವೆನ್ಸಿ ವಿಧಾನವೂ ಉಂಟು, ಆದರೆ ಗಡ್ಡೆ ನರಕ್ಕೆ ತೀರ ಹತ್ತಿರವಿದ್ದಲ್ಲಿ ಆ ಶಾಖ ಅಪಾಯಕಾರಿಯಾಗಬಹುದು. ಹೆಚ್ಚು ಮೂಳೆ ತೆಗೆಯಬೇಕಾಗಿ ಬಂದು ಬೆನ್ನೆಲುಬಿನ ಸ್ಥಿರತೆ ಕುಂದಿದರೆ ಮಾತ್ರ ಸ್ಕ್ರೂ, ರಾಡ್ ಬೇಕಾಗುತ್ತದೆ.