ಕ್ಲ್ಯಾಪರ್ ಸದ್ದು ಕೇಳದ ಓಟಗಾರ್ತಿ

ಶಿರಸಿ ಸೀಮೆಯ 19ರ ಹುಡುಗಿ, 100 ಮತ್ತು 200 ಮೀಟರ್ ಓಟಗಾರ್ತಿ. ಗುರುತು ಹತ್ತುವ ವಿವರ ಬದಲಿಸಿದೆ. ಹುಟ್ಟಿನಿಂದಲೇ ತೀವ್ರ ಕಿವುಡು, ಓಟ ಶುರುಮಾಡಲು ಬಡಿಯುವ ಮರದ ಕ್ಲ್ಯಾಪರ್ ಸದ್ದೂ ಕೇಳದು. "ಅಭ್ಯಾಸ ಬಿಟ್ಟಿದ್ದಾಳೆ, ಮೂಗಿನ ಮೇಲೇ ಸಿಟ್ಟು" ಎಂದು ಮನೆಯವರು ನನ್ನ ಬಳಿ ಕರೆತಂದರು.

ಕೇಳಿದ್ದಕ್ಕೆಲ್ಲ ತಾಯಿಯೇ ಉತ್ತರಿಸುತ್ತಿದ್ದರು. ಕಾಗದ, ಪೆನ್ನು ಹುಡುಗಿಯ ಕೈಗೆ ಹೋದ ಮೇಲೆ ವಿಷಯ ಹೊರಬಿತ್ತು. ಕೂಟವೊಂದರಲ್ಲಿ ಪಕ್ಕದ ಲೇನಿನವಳು ಅಲುಗಿದ್ದನ್ನು ಕಂಡು ಇವಳು ಹೊರಟಳು, ಫಾಲ್ಸ್ ಸ್ಟಾರ್ಟ್ (ಸಂಕೇತಕ್ಕೆ ಮೊದಲೇ ಹೊರಟ ತಪ್ಪು). ವಾಪಸ್ ಕರೆದದ್ದೂ ಕೇಳದೆ ಕೊನೆಯ ಗೆರೆಯವರೆಗೂ ಓಡಿದಳು. ಜನ ನಕ್ಕರು.

ಇದಕ್ಕೆ ಸ್ವಭಾವದ ಹೆಸರು ಹಚ್ಚುವುದು ಅನ್ಯಾಯ. ಬ್ಲಾಕಿನಲ್ಲಿ (ಓಟದ ಶುರುವಿಗೆ ಕಾಲು ಒತ್ತುವ ಆಸರೆ) ತಲೆ ತಗ್ಗಿರಬೇಕು. ಪಕ್ಕದವರನ್ನು ನೋಡಲು ಕತ್ತು ತಿರುಗಿಸಿದರೆ ಮೊದಲ ಹೆಜ್ಜೆ ಓರೆಯಾಗುತ್ತದೆ, ಅವರು ಹೊರಟ ಮೇಲಷ್ಟೇ ತಾನು ಹೊರಡಬೇಕು. 200 ಮೀಟರಿನಲ್ಲಿ ತೀರಾ ಹೊರಗಿನ ಲೇನ್ ಬಂದರೆ ನೋಡಲು ಮುಂದೆ ಯಾರೂ ಇರುವುದಿಲ್ಲ. ಆದ್ದರಿಂದ ಧೈರ್ಯದ ಮಾತಿಗಿಂತ ಮೊದಲು ದೀಪದ ಮಾತು.

ವರ್ಲ್ಡ್ ಅಥ್ಲೆಟಿಕ್ಸ್ ಎಂಬ ವಿಶ್ವ ಸಂಸ್ಥೆಯ ನಿಯಮದಲ್ಲಿ ಕಿವುಡ ಓಟಗಾರರಿಗೆ ಸದ್ದಿನ ಬದಲು ಬೆಳಕಿನ ಸಂಕೇತಕ್ಕೆ ಅವಕಾಶವಿದೆ, ಅದನ್ನು ಹೊರಗಿನ ನೆರವೆಂದು ಎಣಿಸುವುದಿಲ್ಲ. ಆದರೆ ಸಾಮಾನ್ಯವಾಗಿ ಉಪಕರಣದ ಖರ್ಚು ಓಟಗಾರರದ್ದೇ ಅಥವಾ ತಂಡದ್ದೇ. ಹಾಗಾಗಿ ಸಂಘಟಕರಿಗೆ ಮುಂಚೆಯೇ ಪತ್ರ ಬರೆಯಿರಿ. ದೀಪವಿಲ್ಲದಿದ್ದರೆ ಸ್ಟಾರ್ಟರ್ (ಓಟ ಶುರುಮಾಡಿಸುವವರು) ಓಟಗಾರರ ಕಣ್ಣಿಗೆ ಬೀಳುವ ಲೇನ್, ಕೈಸನ್ನೆ, ವಾಪಸ್ ಕರೆಯಲು 30 ಮೀಟರ್ ಮುಂದೆ ಕೆಂಪು ಬಾವುಟ ಹಿಡಿದ ಒಬ್ಬರು, ಇಷ್ಟನ್ನಾದರೂ ಕೇಳಿ.

ಅಭ್ಯಾಸಕ್ಕೆ ಟಾರ್ಚ್ ಸಾಕು. ನೆಲಮಟ್ಟದಲ್ಲಿ, ಕೈಗಳ ಮುಂದೆ ಇಡಿ, ತಲೆ ಎತ್ತದೆ ಕಾಣಬೇಕು. 'ಸೆಟ್' (ಸಿದ್ಧ) ಆದ ಮೇಲೆ ಬೆಳಕು ಹೊತ್ತುವವರೆಗಿನ ಅಂತರವನ್ನು ಪ್ರತಿಸಲ ಬದಲಿಸಬೇಕು. ಒಂದೇ ಆದರೆ ಎಣಿಸಿ ಓಡುವ ಚಟ ಹತ್ತಿ ಮತ್ತೆ ಫಾಲ್ಸ್ ಸ್ಟಾರ್ಟ್. ಮಳೆಗಾಲದಲ್ಲಿ ಮೈದಾನ ಕೆಸರಾದರೂ 10 ಮೀಟರಿನ ಪಡಸಾಲೆಯಲ್ಲಿ ಇದು ನಡೆಯುತ್ತದೆ.

ಮನೆಯವರು ಪ್ಯಾರಾಲಿಂಪಿಕ್ಸ್ ನಂಬಿ ಕುಳಿತಿದ್ದರು. ಅಲ್ಲಿ ಕಿವುಡರಿಗೆ ವರ್ಗವಿಲ್ಲ. ಅವರದು 1924ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ ಡೆಫ್ಲಿಂಪಿಕ್ಸ್. ಅಲ್ಲಿ ಸ್ಪರ್ಧಿಸಲು, ಎರಡರಲ್ಲಿ ಚೆನ್ನಾಗಿರುವ ಕಿವಿಯಲ್ಲೂ ಸರಾಸರಿ ಕನಿಷ್ಠ 55 ಡೆಸಿಬೆಲ್ ಶ್ರವಣ ನಷ್ಟವಿರಬೇಕು. (ನಮ್ಮ 2016ರ ಅಂಗವಿಕಲರ ಹಕ್ಕು ಕಾಯ್ದೆ ಎಣಿಸುವುದು 60ರಿಂದ. 58 ಇರುವ ಮಗುವಿಗೆ ಅಂಗವಿಕಲರ ಕಾರ್ಡ್ ಸಿಗಲಿಲ್ಲವೆಂದು ಈ ದಾರಿಯನ್ನೂ ಬಿಡಬೇಡಿ.) ಸ್ಪರ್ಧೆಯ ವೇಳೆ ಶ್ರವಣಯಂತ್ರ ನಿಷಿದ್ಧ, ಅದಕ್ಕೆ ವಾರಕ್ಕೆರಡು ದಿನ ಅದನ್ನು ತೆಗೆದಿಟ್ಟೇ ಓಡಲಿ.

ತರಬೇತುದಾರರಿಗೆ ಹೇಳಿದ್ದು: ಬೆನ್ನು ತಿರುಗಿಸಿ, ಸೀಟಿ ಬಾಯಲ್ಲಿಟ್ಟು ಮಾತಾಡಬೇಡಿ. ಅವಳು ಬ್ಲಾಕಿಗೆ ಬಗ್ಗುವ ಮೊದಲೇ ಒಂದೇ ಸೂಚನೆ ಕೊಡಿ.

ಓಟ ಮುಂದುವರಿಸಬೇಕೋ ಬಿಡಬೇಕೋ ಎಂಬುದು ದೀಪದೊಂದಿಗೆ ಒಂದು ಕೂಟ ಓಡಿದ ಮೇಲೆ ಅವಳೇ ಬರೆದು ತಿಳಿಸಲಿ ಎಂದು ಮನೆಯವರು ಒಪ್ಪಿದ್ದಾರೆ.