ಭಾನುವಾರ ರಾಸ್ತ್ರೊ ಸಂತೆಗೆ ಬರ್ತೀರಾ?

ಪ್ರಶ್ನೆ: ನಾನು ಶಿವಮೊಗ್ಗದವನು, ಮ್ಯಾಡ್ರಿಡ್‌ನಲ್ಲಿ ಓದುತ್ತಿದ್ದೇನೆ. ಸ್ಪ್ಯಾನಿಷ್‌ನಲ್ಲಿ ‘ಓಸ್ ಇಂಬೀತೊ’, ನಿಮ್ಮನ್ನು ಕರೀತಿದೀನಿ ಅಂತ ಸಹಪಾಠಿಗಳನ್ನು ಕಾಫಿಗೆ ಕರೆದೆ. ಎಲ್ಲರೂ ಬಂದರು, ಬಿಲ್ ಪೂರ್ತಿ ನನ್ನ ತಲೆಗೇ ಬಂತು. ಇನ್ನೊಬ್ಬ ‘ಆ ಬೇರ್ ಸಿ ಕೆದಾಮೊಸ್’, ಸಿಗೋಣ ಅಂದವನು ಇನ್ನೂ ಸಿಕ್ಕಿಲ್ಲ. ಹೇಗೆ ಕರೆಯಬೇಕು?

ಉತ್ತರ: ನಿಮ್ಮ ಗೆಳೆಯರ ಮೇಲೆ ಬೇಸರ ಬೇಡ. ಅಲ್ಲಿ ‘ಓಸ್ ಇಂಬೀತೊ’ ಅಂದರೆ ‘ದುಡ್ಡು ನಾನು ಕೊಡ್ತೀನಿ’ ಅಂತಲೇ ಲೆಕ್ಕ. ಹುಟ್ಟುಹಬ್ಬಕ್ಕೆ ಆ ಮಾತು ಸರಿ. ದಿನನಿತ್ಯಕ್ಕೆ ‘ತೆ ಅಪೆತೇಥೆ ತೊಮಾರ್ ಆಲ್ಗೊ?’ ಅನ್ನಿ. ಏನಾದರೂ ಕುಡಿಯೋಣ್ವಾ ಅಂತ. ಬಿಯರೇ ಆಗಬೇಕಿಲ್ಲ, ಕಾಫಿ ಆದೀತು, ‘ಮೊಸ್ತೊ’ ಎಂಬ ದ್ರಾಕ್ಷಿ ರಸವೂ ಆದೀತು.

ಎರಡನೆಯವನು ಸುಳ್ಳು ಹೇಳಲಿಲ್ಲ, ಪ್ರೀತಿ ತೋರಿಸಿದ, ಅಷ್ಟೇ. ನಮ್ಮಲ್ಲಿ ‘ಬನ್ನಿ ಒಂದ್ಸಲ ಮನೆ ಕಡೆ’ ಅನ್ನುವುದಿಲ್ಲವೇ? ಆ ಮಾತಿಗೆ ದಿನ, ಜಾಗ ಸೇರಿಸಬೇಕಾದವರು ನೀವು. ನನ್ನ ವಿದ್ಯಾರ್ಥಿಗಳಿಗೆ ನಾನು ಕಲಿಸುವುದು ಇದು: ‘ಎಲ್ ದೊಮಿಂಗೊ ಬೊಯ್ ಆಲ್ ರಾಸ್ತ್ರೊ, ಓಸ್ ಬೆನೀಸ್?’ ಭಾನುವಾರ ರಾಸ್ತ್ರೊಗೆ ಹೋಗ್ತಿದೀನಿ, ಬರ್ತೀರಾ? ನೀವು ಹೇಗೂ ಹೋಗುತ್ತೀರಿ, ಆದ್ದರಿಂದ ಬರಲಾಗದವರಿಗೂ ಮುಜುಗರವಿಲ್ಲ. ಗುಂಪಿನಲ್ಲಿ ಮೆಕ್ಸಿಕೊದವರೇ ಇದ್ದರೆ ಮಾತ್ರ ‘ಓಸ್ ಬೆನೀಸ್?’ ಬದಲು ‘ಬಿಯೆನೆನ್?’ ಅನ್ನಿ, ‘ಬರ್ತೀರಾ?’ ಅನ್ನುವುದನ್ನು ಅವರು ಹೇಳುವುದು ಹಾಗೆ.

ರಾಸ್ತ್ರೊ ನನಗೆ ಬಹಳ ಇಷ್ಟದ ಜಾಗ. ಪ್ರತಿ ಭಾನುವಾರ ರಿಬೇರಾ ದೆ ಕುರ್ತಿದೋರೆಸ್ ಎಂಬ ಇಳಿಜಾರು ರಸ್ತೆಯ ಉದ್ದಕ್ಕೂ ಸಂತೆ. ಹಳೇ ಪುಸ್ತಕ, ಗ್ರಾಮಫೋನ್ ತಟ್ಟೆ, ತುಕ್ಕು ಹಿಡಿದ ಬೀಗ, ಏನುಂಟು ಏನಿಲ್ಲ. ಮಧ್ಯಾಹ್ನ 3ಕ್ಕೆ ಮುಗಿಯುತ್ತದೆ. 11:30ಕ್ಕೆ ಲಾ ಲತೀನಾ ಮೆಟ್ರೊ ಬಾಗಿಲಲ್ಲಿ ಸೇರೋಣ ಅನ್ನಿ. ಜೇಬಿನ ಮೇಲೆ ಕೈಯಿರಲಿ. ಅಲೆದು ಕಾಲು ನೋಯುವ ಹೊತ್ತಿಗೆ ಪಕ್ಕದ ಕಾವಾ ಬಾಹಾ ಬೀದಿಗೆ ನುಗ್ಗಿ. ಊಟದ ಹೊತ್ತು ಅಲ್ಲಿ ಎರಡು, ಎರಡೂವರೆ. ಅದಕ್ಕೂ ಮೊದಲು ನಿಂತೇ ಸ್ವಲ್ಪ ಕುಡಿದು ತಿನ್ನುವುದು ಭಾನುವಾರದ ರೂಢಿ. ಸಸ್ಯಾಹಾರಿಯಾದರೆ ಹುರಿದ ಪದ್ರೋನ್ ಮೆಣಸಿನಕಾಯಿ ಕೇಳಿ. ‘ತೊರ್ತೀಯಾ’ ಅಂದರೆ ಅಲ್ಲಿ ಆಲೂಗಡ್ಡೆಯ ಆಮ್ಲೆಟ್, ಅದರಲ್ಲಿ ಮೊಟ್ಟೆ ಇರುತ್ತದೆ, ನೆನಪಿರಲಿ.

ಬಿಲ್ಲಿಗೆ ಮೊದಲೇ ‘ಪೊನೇಮೊಸ್ ಬೋತೆ?’ ಅಂದುಬಿಡಿ. ಎಲ್ಲರೂ ಸಮನಾಗಿ ದುಡ್ಡು ಹಾಕಿ, ಒಬ್ಬರ ಕೈಗೆ ಕೊಟ್ಟು, ಅದರಲ್ಲೇ ಖರ್ಚು ಮಾಡುವುದು. ಯಾರಾದರೂ ಮುಂದಾಗಿ ಕೊಟ್ಟೇಬಿಟ್ಟರೆ ‘ಲಾ ಪ್ರೋಕ್ಸಿಮಾ ಲಾ ಪಾಗೊ ಯೊ’ ಅನ್ನಿ, ಮುಂದಿನದು ನನ್ನದು. ಹಾಗೆ ಮುಂದಿನ ಭೇಟಿಯೂ ಗೊತ್ತಾದಂತಾಯಿತು.

‘ಬೆಂಗಾ, ಬಾಲೆ’ ಅಂದರೆ ಒಪ್ಪಿದರು. ‘ನೊ ಪ್ವೇದೊ, ಏ ಕೆದಾದೊ’ ಅಂದರೆ ಬೇರೆಯವರಿಗೆ ಆಗಲೇ ಮಾತು ಕೊಟ್ಟಿದ್ದಾರೆ. ಯಾರಿಗೆ, ಎಲ್ಲಿಗೆ ಅಂತ ಕೆದಕಬೇಡಿ. ಎರಡು ವಾರ ಬಿಟ್ಟು ಮತ್ತೆ ಕರೆಯಿರಿ.

ತಿಂಗಳ ಕೊನೆಗೆ ಕೈ ಖಾಲಿಯಾದರೆ? ಪ್ರಾದೊ ಚಿತ್ರಶಾಲೆಗೆ ಸೋಮವಾರದಿಂದ ಶನಿವಾರದವರೆಗೆ ಸಂಜೆ 6ರಿಂದ 8ರ ತನಕ ಪ್ರವೇಶ ಉಚಿತ. ಈಜಿಪ್ಟ್ 1968ರಲ್ಲಿ ಸ್ಪೇನ್‌ಗೆ ಕೊಟ್ಟ ದೆಬೋದ್ ದೇಗುಲದ ಬಳಿ ಸೂರ್ಯಾಸ್ತ ನೋಡಲೂ ಕಾಸು ಬೇಡ. ಈ ವಾರವೇ ಕರೆಯಿರಿ. ಶುಕ್ರವಾರ ರಾತ್ರಿಯೊಳಗೆ ವಾಟ್ಸ್ಯಾಪ್ ಗುಂಪಿಗೆ ಜಾಗ, ಹೊತ್ತು ಎರಡನ್ನೂ ಹಾಕಿ.